ತೂತಿಲ್ಲದ ಟೇಬಲ್, ಮೂರು ಚೆಂಡು: ತ್ರೀ ಕುಶನ್ ಆಟ ನೋಡುವ ಬಗೆ

"ಅಲ್ಲೋ ತಮ್ಮಾ, ಈ ಟೇಬಲ್ಲಿಗೆ ತೂತ ಎಲ್ಲಿ ಅದಾವೋ?"

ಬೆಳಗಾವಿ ಉದ್ಯಮಬಾಗದ ನಮ್ಮ ವರ್ಕ್‌ಶಾಪಿನಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಲೇಥ್ ಮೇಲೆ ಕೆಲಸ ಮಾಡುವ ಕಾಕಾ ಕೇಳಿದ ಪ್ರಶ್ನೆ ಇದು. ನಾನು ಡಬ್ಬಿಗೆ ಮೊಬೈಲ್ ಆನಿಸಿಟ್ಟು ಕೊರಿಯಾದ ತ್ರೀ ಕುಶನ್ ಬಿಲಿಯರ್ಡ್ಸ್ ಪಂದ್ಯ ನೋಡುತ್ತಿದ್ದೆ. ತೂತೇ ಇಲ್ಲ ಕಾಕಾ, ಇದು ಬೇರೆ ಆಟ ಅಂದೆ. ರೊಟ್ಟಿ ಮುರಿಯುತ್ತ ಹತ್ತು ನಿಮಿಷ ನೋಡಿದರು. ಕೊನೆಗೆ, "ಚೆಂಡು ಎಲ್ಲೂ ಬೀಳಂಗಿಲ್ಲ, ಆದ್ರೂ ಮಂದಿ ಚಪ್ಪಾಳಿ ಹೊಡೀತಾರ. ಏನ್ ನೋಡಿ ಹೊಡೀತಾರ ಅನ್ನೂದ ತಿಳೀವಲ್ದು" ಅಂದರು.

ನ್ಯಾಯವಾದ ಪ್ರಶ್ನೆ. ನನಗೂ ಮೊದಲ ಒಂದು ತಿಂಗಳು ತಿಳಿದಿರಲಿಲ್ಲ. ತಿಳಿದ ಮೇಲೆ ಮಾತ್ರ ಈ ಆಟದಷ್ಟು ಕಣ್ಣು ಕಟ್ಟುವ ಇನ್ನೊಂದು ಆಟ ನಾನು ಕಂಡಿಲ್ಲ.

ನಿಯಮ ಬಹಳ ಚಿಕ್ಕದು. ಟೇಬಲ್ ಮೇಲೆ ಬಿಳಿ, ಹಳದಿ, ಕೆಂಪು ಮೂರೇ ಚೆಂಡು. ಒಬ್ಬನದು ಬಿಳಿ, ಇನ್ನೊಬ್ಬನದು ಹಳದಿ. ಪಂದ್ಯ ಮುಗಿಯುವವರೆಗೂ ಅದು ಬದಲಾಗುವುದಿಲ್ಲ. ಕೆಂಪು ಇಬ್ಬರಿಗೂ ಸೇರಿದ್ದು. ನಿಮ್ಮ ಚೆಂಡನ್ನು ಕ್ಯೂ ಎಂಬ ಕೋಲಿನಿಂದ ಹೊಡೆದರೆ ಅದು ಉಳಿದ ಎರಡೂ ಚೆಂಡುಗಳನ್ನು ಮುಟ್ಟಬೇಕು. ಎರಡನೆಯ ಚೆಂಡನ್ನು ಮುಟ್ಟುವುದಕ್ಕೆ ಮುಂಚೆ ಟೇಬಲ್ ಅಂಚಿನ ರಬ್ಬರ್ ಪಟ್ಟಿಗೆ, ಅಂದರೆ ಕುಶನ್ನಿಗೆ, ಕನಿಷ್ಠ ಮೂರು ಸಲ ಬಡಿದಿರಬೇಕು. ಹಾಗಾದರೆ ಒಂದು ಪಾಯಿಂಟ್, ಮತ್ತೆ ನಿಮ್ಮದೇ ಸರದಿ. ತಪ್ಪಿದರೆ ಎದುರಿನವನು ಏಳುತ್ತಾನೆ. ಮೊದಲು ಚೆಂಡು ಮುಟ್ಟಿ ಆಮೇಲೆ ಮೂರು ಕುಶನ್ ಆಗಬಹುದು, ಮೂರೂ ಕುಶನ್ ಮುಗಿಸಿಕೊಂಡು ಬಂದು ಎರಡೂ ಚೆಂಡು ಮುಟ್ಟಬಹುದು, ನಡುವೆ ಹಂಚಿಕೊಂಡೂ ಹೋಗಬಹುದು. ಒಂದೇ ಕುಶನ್ನಿಗೆ ಎರಡು ಸಲ ಬಡಿದರೆ ಅದೂ ಎರಡೇ.

ಕೇರಂನಲ್ಲಿ ರಿಬೌಂಡ್ ಹೊಡೆದು ರೂಢಿ ಇದ್ದವರಿಗೆ ಇದರ ಅರ್ಧ ಈಗಾಗಲೇ ಗೊತ್ತಿದೆ. ಸ್ಟ್ರೈಕರನ್ನು ಎದುರಿನ ಚೌಕಟ್ಟಿಗೆ ಬಡಿಸಿ, ಹಿಂದಕ್ಕೆ ಬರುವಾಗ ಕಾಯಿನ್ ಮುಟ್ಟಿಸುವುದು ಒಂದು ಕುಶನ್ ಲೆಕ್ಕ. ಎರಡು ಚೌಕಟ್ಟಿಗೆ ಬಡಿಸಿ ಹೊಡೆಯುವವನು ಓಣಿಗೆ ಒಬ್ಬ ಸಿಕ್ಕಾನು. ಮೂರು ಚೌಕಟ್ಟು ಸುತ್ತಿಸಿ ಹೊಡೆಯುವವನನ್ನು ನಾನಂತೂ ನೋಡಿಲ್ಲ. ಇಲ್ಲಿ ಮೂರು ಎನ್ನುವುದು ಕನಿಷ್ಠ. ದೊಡ್ಡ ಪಂದ್ಯಗಳಲ್ಲಿ ಐದು ಕುಶನ್ ಸುತ್ತಿ ಬಂದು ಮುಟ್ಟುವುದು ದಿನನಿತ್ಯದ ಮಾತು.

ಹೆಸರಿನ ನಂಟು ಇನ್ನೂ ಹತ್ತಿರದ್ದು. ಈ ಇಡೀ ಆಟದ ಕುಟುಂಬಕ್ಕೆ ಕ್ಯಾರಮ್ ಬಿಲಿಯರ್ಡ್ಸ್ ಅನ್ನುತ್ತಾರೆ. ಫ್ರೆಂಚರು ಕೆಂಪು ಚೆಂಡಿಗೆ ‘ಕಾರಾಂಬೋಲ್’ ಅನ್ನುತ್ತಿದ್ದರು. ಪೋರ್ಚುಗೀಸರ ಬಾಯಲ್ಲಿ ‘ಕಾರಾಂಬೋಲಾ’ ಅಂದರೆ ನಾವು ಉಪ್ಪುಖಾರ ಹಚ್ಚಿ ತಿನ್ನುವ ಕಮರಾಕ್ಷಿ ಹಣ್ಣು. ಆ ಪದ ಅವರಿಗೆ ಸಿಕ್ಕಿದ್ದು ನಮ್ಮ ಪಕ್ಕದ ಮರಾಠಿಯ ‘ಕರಂಬಳ’ದಿಂದ ಎಂದು ನಿಘಂಟುಗಳು ಹೇಳುತ್ತವೆ. ಹಣ್ಣಿನಿಂದಲೇ ಚೆಂಡಿಗೆ ಆ ಹೆಸರು ಬಂತು ಅನ್ನುವುದು ಬಹಳ ಜನ ಒಪ್ಪುವ ವಿವರಣೆ. ಗೋವಾದ ದಾರಿ ಹಿಡಿದು ಯುರೋಪಿಗೆ ಹೋದ ಮಾತು ಬಿಲಿಯರ್ಡ್ಸ್ ಟೇಬಲ್ ಏರಿ ನನ್ನ ಮೊಬೈಲಿನಲ್ಲಿ ಬೆಳಗಾವಿಗೆ ವಾಪಸು ಬಂದಿದೆ ಎಂದು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಇನ್ನು ಸಾಮಾನಿನ ವಿಚಾರ. ಮೈಕ್ರೋಮೀಟರ್ ಹಿಡಿದು ದಿನ ಕಳೆಯುವವನಾದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಪಂದ್ಯದ ಟೇಬಲ್ಲಿನ ಆಡುವ ಜಾಗ 2.84 ಮೀಟರ್ ಉದ್ದ, 1.42 ಮೀಟರ್ ಅಗಲ. ಉದ್ದ ಸರಿಯಾಗಿ ಅಗಲದ ಎರಡು ಪಟ್ಟು. ಚೆಂಡು 61.5 ಮಿ.ಮೀ., ಸ್ನೂಕರಿನ 52.5 ಮಿ.ಮೀ. ಚೆಂಡಿಗಿಂತ ಎದ್ದು ಕಾಣುವಷ್ಟು ದೊಡ್ಡದು, ತೂಕ 200 ಗ್ರಾಂ ಮೇಲೆ. ಕೆಳಗೆ ದಪ್ಪ ಸ್ಲೇಟ್ ಕಲ್ಲು, ಮೇಲೆ ತೆಳುವಾದ ಉಣ್ಣೆಯ ಬಟ್ಟೆ. ಬೆಲ್ಜಿಯಂನ ವೆರ್ವಿಯೆ ಕಡೆಯ ಸಿಮೋನಿಸ್ ಎಂಬ ಮನೆತನದ ಕಂಪನಿ 1680ರಿಂದ ಬಟ್ಟೆ ನೇಯುತ್ತಿದೆ. ದೊಡ್ಡ ಪಂದ್ಯಗಳಲ್ಲಿ ಅವರ ಬಟ್ಟೆಯೇ ಹೆಚ್ಚು ಕಾಣುತ್ತದೆ.

ಆ ಕಲ್ಲಿನ ಕೆಳಗೆ ಹೀಟರ್ ಇರುತ್ತದೆ. ಇದನ್ನು ಕೇಳಿ ಕಾಕಾ ತಟ್ಟೆ ಕೆಳಗಿಟ್ಟರು. ಬೆಳಗಾವಿಯವರಿಗೆ ಇದನ್ನು ತಿಳಿಸುವುದು ಸುಲಭ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ನಮ್ಮ ಕೇರಂ ಬೋರ್ಡ್ ಏನಾಗುತ್ತದೆ? ಪೌಡರ್ ಗಂಟು ಕಟ್ಟುತ್ತದೆ, ಸ್ಟ್ರೈಕರ್ ಅರ್ಧ ದಾರಿಗೇ ನಿಲ್ಲುತ್ತದೆ. ಬಲ್ಬಿನ ಕೆಳಗೆ ಒಂದು ತಾಸು ಇಟ್ಟರೆ ಮತ್ತೆ ಜೀವ ಬರುತ್ತದೆ. ಉಣ್ಣೆ ಬಟ್ಟೆಯೂ ಗಾಳಿಯ ತೇವ ಹೀರುತ್ತದೆ. ಕಲ್ಲನ್ನು ಕೋಣೆಗಿಂತ ಕೆಲವು ಡಿಗ್ರಿ ಬಿಸಿ ಇಟ್ಟರೆ ತೇವ ನಿಲ್ಲುವುದಿಲ್ಲ, ಚೆಂಡು ಬಹಳ ದೂರ, ಒಂದೇ ಹದದಲ್ಲಿ ಓಡುತ್ತದೆ. ಮೂರು ಕುಶನ್ ಸುತ್ತಿದ ಮೇಲೂ ಚೆಂಡಿನಲ್ಲಿ ಕಸುವು ಉಳಿಯಬೇಕಾದರೆ ಇದು ಬೇಕೇ ಬೇಕು. ಆಟಗಾರರು ಪಂದ್ಯಕ್ಕೆ ಮುಂಚೆ ಸಿಗುವ ಕೆಲವು ನಿಮಿಷಗಳಲ್ಲಿ ಪಾಯಿಂಟಿಗಾಗಿ ಹೊಡೆಯುವುದು ಕಡಿಮೆ. ಟೇಬಲ್ ಇವತ್ತು ಉದ್ದ ಓಡುತ್ತದೋ ಗಿಡ್ಡ ಓಡುತ್ತದೋ ಎಂದು ಅಳೆಯುತ್ತಿರುತ್ತಾರೆ.

ಈಗ ಗುರಿ ಎಷ್ಟು ದೊಡ್ಡದು ಎಂಬ ಲೆಕ್ಕ. ಚೆಂಡು ಟೇಬಲ್ ನಡುವೆ ನಿಂತಿದ್ದರೆ, ಅದರ ಎಡಕ್ಕೆ 61.5, ಬಲಕ್ಕೆ 61.5, ಒಟ್ಟು 123 ಮಿ.ಮೀ. ಅಗಲದ ಬಾಗಿಲೊಂದು ಇದೆ ಎಂದುಕೊಳ್ಳಿ. ನಿಮ್ಮ ಚೆಂಡಿನ ನಡುಬಿಂದು ಆ ಬಾಗಿಲೊಳಗೆ ಹಾದರೆ ಮುಟ್ಟಿತು. ನಾಲ್ಕೈದು ಮೀಟರ್ ಓಡಿ, ಒಂದು ಚೆಂಡಿಗೆ ಬಡಿದು, ಮೂರು ಕಡೆ ತಿರುಗಿ ಬಂದು, ಒಂದು ಗೇಣಿಗಿಂತ ಕಡಿಮೆ ಅಗಲದ ಬಾಗಿಲೊಳಗೆ ಹೋಗಬೇಕು. ಅದೇ ಚೆಂಡು ಮೂಲೆಯ ಹತ್ತಿರ, ಕುಶನ್ನಿನಿಂದ ಒಂದು ಚೆಂಡಿನಷ್ಟು ದೂರ ನಿಂತಿದ್ದರೆ ಬಾಗಿಲು ಅಗಲವಾಗುತ್ತದೆ. ನೇರ ಬಂದು ಮುಟ್ಟಬಹುದು, ತಪ್ಪಿದರೆ ಹಿಂದಿನ ಕುಶನ್ನಿಗೆ ಬಡಿದು ವಾಪಸು ಬರುತ್ತಲೂ ಮುಟ್ಟಬಹುದು. ಆಟಗಾರರು ಇದಕ್ಕೆ ‘ದೊಡ್ಡ ಚೆಂಡು’ ಅನ್ನುತ್ತಾರೆ. ಮೂರೂ ಚೆಂಡಿನ ಗಾತ್ರ ಒಂದೇ, ನಿಂತ ಜಾಗ ಅದನ್ನು ದೊಡ್ಡದು ಮಾಡುತ್ತದೆ. ಈ ಒಂದು ಪದ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಕುಶನ್ನಿನ ಹಿಂದೆ ಮರದ ಪಟ್ಟಿಯ ಮೇಲೆ ಸಣ್ಣ ಚುಕ್ಕೆಗಳಿರುತ್ತವೆ, ಅವಕ್ಕೆ ಡೈಮಂಡ್ ಎಂದು ಹೆಸರು. ಅಂದಕ್ಕಾಗಿ ಇಟ್ಟವಲ್ಲ, ಅದು ಸ್ಕೇಲು. ಉದ್ದದ ಪಟ್ಟಿ 8 ಸಮಭಾಗ, ಗಿಡ್ಡ ಪಟ್ಟಿ 4 ಸಮಭಾಗ; ಎರಡರಲ್ಲೂ ಒಂದೊಂದು ಭಾಗ 355 ಮಿ.ಮೀ. ಟೇಬಲ್ಲಿನ ಉದ್ದದ ಬದಿ ನಿಮ್ಮ ಮುಂದಿರುವಂತೆ ನಿಂತು ನೋಡಿ. ನಿಮ್ಮ ಚೆಂಡು ಹತ್ತಿರದ ಎಡಮೂಲೆಯಲ್ಲಿದೆ. ಆ ಮೂಲೆಗೆ 5 ಎಂಬ ಬೆಲೆ. ಎದುರಿನ ಉದ್ದದ ಕುಶನ್ನಿನಲ್ಲಿ ಬಲಮೂಲೆಯಿಂದ 1, 2, 3, 4 ಎಂದು ಎಣಿಸುತ್ತ ಬನ್ನಿ. ಬಲಗಡೆ ಸ್ಪಿನ್ ಕೊಟ್ಟು 3ಕ್ಕೆ ಹೊಡೆದರೆ, ಚೆಂಡು ಅಲ್ಲಿಂದ ಬಲಗಡೆಯ ಗಿಡ್ಡ ಕುಶನ್ನಿಗೆ ಹೋಗಿ, ತಿರುಗಿ ನಿಮ್ಮ ಕಡೆಯ ಉದ್ದದ ಕುಶನ್ನಿಗೆ ಬಲಮೂಲೆಯಿಂದ 2ರಲ್ಲಿ ಬಂದು ಬಡಿಯುತ್ತದೆ. ಐದರಲ್ಲಿ ಮೂರು ಹೋದರೆ ಎರಡು. 4ಕ್ಕೆ ಹೊಡೆದರೆ 1ರಲ್ಲಿ ಬರುತ್ತದೆ. ಕನ್ನಡ ಶಾಲೆಯ ಎರಡನೇ ಇಯತ್ತೆಯ ವಜಾಬಾಕಿ ಸಾಕು.

ಹಾಗಾದರೆ ಎಲ್ಲರೂ ಚಾಂಪಿಯನ್ ಯಾಕಲ್ಲ? ಈ ಲೆಕ್ಕ ಕೊಡುವುದು ಮೊದಲ ಅಂದಾಜನ್ನು ಮಾತ್ರ. ಚೆಂಡು ಕೇರಂ ಸ್ಟ್ರೈಕರಿನಂತೆ ಜಾರುವುದಿಲ್ಲ, ಉರುಳುತ್ತದೆ, ಬುಗುರಿಯಂತೆ ಸುತ್ತುತ್ತದೆ ಕೂಡ. ಕುಶನ್ನಿಗೆ ಬಡಿದಾಗ ಆ ಸುತ್ತು ರಬ್ಬರನ್ನು ಹಿಡಿದು ಚೆಂಡಿನ ದಾರಿಯನ್ನು ಹಿಗ್ಗಿಸುತ್ತದೆ ಇಲ್ಲವೇ ಕುಗ್ಗಿಸುತ್ತದೆ, ಪ್ರತಿ ಬಡಿತಕ್ಕೂ ಸುತ್ತು ಸ್ವಲ್ಪ ಸ್ವಲ್ಪ ಕರಗುತ್ತದೆ. ಜೋರಾಗಿ ಹೊಡೆದರೆ ಒಂದು ಕೋನ, ಮೆಲ್ಲಗೆ ಹೊಡೆದರೆ ಇನ್ನೊಂದು. ಹೊಸ ಬಟ್ಟೆಯ ಮೇಲೆ ಚೆಂಡು ಹೆಚ್ಚು ಜಾರುತ್ತದೆ, ಹಳತಾದಂತೆ ಹಿಡಿಯುತ್ತದೆ. ಆದ್ದರಿಂದಲೇ ದೊಡ್ಡ ಆಟಗಾರ ಟೇಬಲ್ ಸುತ್ತ ನಡೆದು ಒಂದು ಡೈಮಂಡನ್ನು ದಿಟ್ಟಿಸುತ್ತಾನೆ, ಮತ್ತೆ ಹಿಂದೆ ಬಂದು ಕ್ಯೂ ತುದಿಗೆ ಚಾಕ್ ಉಜ್ಜುತ್ತ ಇನ್ನೊಮ್ಮೆ ನೋಡುತ್ತಾನೆ. ಯುಎಂಬಿ, ಅಂದರೆ 1959ರಲ್ಲಿ ಹುಟ್ಟಿದ ಈ ಆಟದ ವಿಶ್ವ ಒಕ್ಕೂಟ, ಒಂದು ಹೊಡೆತಕ್ಕೆ 40 ಸೆಕೆಂಡ್ ಕೊಡುತ್ತದೆ. ಹೊಸದಾಗಿ ನೋಡುವವರು ಆ 40 ಸೆಕೆಂಡಿನಲ್ಲಿ ಬೇರೆ ಕಡೆ ನೋಡುತ್ತಾರೆ. ನೋಡಬೇಕಾದದ್ದು ಅದೇ ಹೊತ್ತು. ಅವನ ಕಣ್ಣು ಯಾವ ಕುಶನ್ನಿನಿಂದ ಯಾವ ಕುಶನ್ನಿಗೆ ಹೋಗುತ್ತಿದೆ ನೋಡಿ, ಹೊಡೆಯುವ ಮುಂಚೆಯೇ ದಾರಿ ಹೇಳಿಕೊಡುತ್ತದೆ.

ಈಗ ಕಾಕಾನ ಪ್ರಶ್ನೆಗೆ ಬರೋಣ. ಮಂದಿ ಏನು ನೋಡಿ ಚಪ್ಪಾಳೆ ಹೊಡೆಯುತ್ತಾರೆ?

ಹೊಸಬರೆಲ್ಲ ಹೊಡೆದ ಚೆಂಡಿನ ಹಿಂದೆಯೇ ಕಣ್ಣು ಓಡಿಸುತ್ತಾರೆ. ಬಿಳಿ ಹೋಯಿತು, ಬಡಿಯಿತು, ತಿರುಗಿತು, ಮುಟ್ಟಿತು. ನಾನೂ ಹಾಗೇ ನೋಡುತ್ತಿದ್ದೆ. ಒಂದು ರಾತ್ರಿ ನೆಟ್ ಸರಿಯಿಲ್ಲದೆ ಒಂದೇ ಹೊಡೆತ ಮೂರು ನಾಲ್ಕು ಸಲ ಹಿಂದೆ ಹೋಗಿ ಹೋಗಿ ತೋರಿಸಿತು, ಆಗ ಕಣ್ಣು ಕೆಂಪಿನ ಮೇಲೆ ಬಿತ್ತು. ಬಿಳಿ ಚೆಂಡು ಕೆಂಪಿನ ಅರ್ಧಕ್ಕೆ ತಾಗಿ ತನ್ನ ಮೂರು ಕುಶನ್ ಯಾತ್ರೆಗೆ ಹೊರಟಿತ್ತು. ಕೆಂಪು ಏನು ಮಾಡಿತು? ಅಡ್ಡಲಾಗಿ ಹೋಗಿ ಎದುರಿನ ಕುಶನ್ನಿಗೆ ಬಡಿದು, ಹಿಂದಕ್ಕೆ ಬಂದು, ಇನ್ನೊಂದು ಕುಶನ್ ಸವರಿ, ಮೆಲ್ಲಗೆ, ಬಹಳ ಮೆಲ್ಲಗೆ ಮೂಲೆಯ ಕಡೆ ಉರುಳಿ, ಒಂದು ಚೆಂಡಿನಷ್ಟು ಜಾಗ ಬಿಟ್ಟು ನಿಂತಿತು. ‘ದೊಡ್ಡ ಚೆಂಡು’ ಆಗಿ ನಿಂತಿತು. ಅಷ್ಟರಲ್ಲಿ ಬಿಳಿ ಬಂದು ಹಳದಿಯನ್ನು ಮುಟ್ಟಿ ಅದರ ಪಕ್ಕದಲ್ಲೇ ಉಳಿಯಿತು. ಮುಂದಿನ ಹೊಡೆತಕ್ಕೆ ಒಂದು ಚೆಂಡು ಕೈಯಳತೆಯಲ್ಲಿ, ಇನ್ನೊಂದು ಮೂಲೆಯಲ್ಲಿ ಬಾಗಿಲು ತೆರೆದುಕೊಂಡು ಕಾಯುತ್ತಿದೆ. ಇದು ತಾನಾಗಿ ಆದದ್ದಲ್ಲ. ಕೆಂಪಿಗೆ ಎಷ್ಟು ದಪ್ಪ ತಾಗಿಸಿದರೆ, ಎಷ್ಟು ವೇಗದಲ್ಲಿ ತಾಗಿಸಿದರೆ ಅದು ಅಲ್ಲಿಗೇ ಹೋಗಿ ನಿಲ್ಲುತ್ತದೆ ಎಂದು ಅವನು ಮೊದಲೇ ಲೆಕ್ಕ ಹಾಕಿದ್ದ. ಆ ದಪ್ಪ, ಆ ವೇಗಕ್ಕೆ ಒಪ್ಪುವಂತೆ ಬಿಳಿಯ ದಾರಿಯನ್ನು ಸ್ಪಿನ್‌ನಿಂದ ಹೊಂದಿಸಿದ್ದ.

ಅಂದರೆ ಒಂದೇ ಹೊಡೆತದಲ್ಲಿ ಎರಡು ಕೆಲಸ. ಪಾಯಿಂಟ್ ಈ ಹೊಡೆತದ್ದು, ಕೆಂಪಿನ ಪಯಣ ಮುಂದಿನ ಹೊಡೆತದ್ದು. ಒಂದು ಪಾಯಿಂಟ್ ಚೆನ್ನಾಗಿ ಹೊಡೆಯುವವರು ಜಗತ್ತಿನಲ್ಲಿ ಸಾವಿರಾರು ಜನ ಇದ್ದಾರೆ. ಒಂದರ ಹಿಂದೆ ಒಂದು ಹತ್ತು ಹೊಡೆಯುವವರು ಮೊದಲ ಚೆಂಡನ್ನು ಹತೋಟಿಯಲ್ಲಿ ಇಟ್ಟವರು. ಹಾಗಾಗಿ ನನ್ನ ಸಲಹೆ ಒಂದೇ: ಹೊಡೆದ ಚೆಂಡನ್ನು ಬಿಡಿ, ಮೊದಲು ಮುಟ್ಟಿಸಿಕೊಂಡ ಚೆಂಡಿನ ಹಿಂದೆ ಹೋಗಿ. ನಾಲ್ಕು ಪಂದ್ಯ ಹೀಗೆ ನೋಡಿದರೆ ಸಾಕು, ಚಪ್ಪಾಳೆ ಯಾವಾಗ ಬೀಳುತ್ತದೆ ಎಂದು ನೀವೇ ಮುಂಚಿತವಾಗಿ ಹೇಳುತ್ತೀರಿ.

ಮೊದಲ ಚೆಂಡನ್ನು ನೋಡಲು ಇನ್ನೊಂದು ಕಾರಣ ಕಿಸ್. ಎರಡು ಚೆಂಡು ಒಟ್ಟಿಗೆ ಟೇಬಲ್ ತುಂಬ ಓಡಾಡುತ್ತಿರುವಾಗ ಅವುಗಳ ದಾರಿ ಎಲ್ಲೋ ಒಂದು ಕಡೆ ಕತ್ತರಿಸುತ್ತದೆ. ಒಂದೇ ಕ್ಷಣಕ್ಕೆ ಅಲ್ಲಿಗೆ ಬಂದರೆ ಡಿಕ್ಕಿ, ಪಾಯಿಂಟ್ ಹೋಯಿತು. ಚನ್ನಮ್ಮ ಸರ್ಕಲ್ ದಾಟುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟಗಾರ ಡಿಕ್ಕಿ ತಪ್ಪಿಸಲು ಮೊದಲ ಚೆಂಡಿಗೆ ಸ್ವಲ್ಪ ದಪ್ಪ ತಾಗಿಸಿ ಅದನ್ನು ಬೇಗ ಮುಂದೆ ಕಳಿಸುತ್ತಾನೆ, ಇಲ್ಲವೇ ತೆಳ್ಳಗೆ ತಾಗಿಸಿ ನಿಧಾನ ಮಾಡುತ್ತಾನೆ. ಒಂದು ಬೆರಳು ಸಂದಿಯಲ್ಲಿ ಎರಡೂ ಚೆಂಡು ಪಾರಾದಾಗ ಸಭಾಂಗಣದಲ್ಲಿ ಏಳುವ ಉಸಿರು ಮೊಬೈಲಿನಲ್ಲೂ ಕೇಳಿಸುತ್ತದೆ. ಅದೃಷ್ಟದಿಂದ ಪಾಯಿಂಟ್ ಬಂದರೆ ಆಟಗಾರ ಎದುರಾಳಿಯ ಕಡೆ ಕೈ ಎತ್ತಿ ಕ್ಷಮೆ ಕೇಳುತ್ತಾನೆ. ಈ ಆಟದ ಆ ಮರ್ಯಾದೆ ನನಗೆ ಬಹಳ ಇಷ್ಟ.

ರಕ್ಷಣೆಯ ಆಟವೂ ಇದೆ. ನಿಮ್ಮದು ಬಿಳಿ ಚೆಂಡಾದರೆ, ಹೊಡೆತ ತಪ್ಪಿದಾಗ ಎದುರಿನವನು ಹೊಡೆಯುವುದು ಹಳದಿಯಿಂದ. ಆದ್ದರಿಂದ ಕಷ್ಟದ ಹೊಡೆತ ಬಂದಾಗ ಜಾಣ ಆಟಗಾರ, ತಪ್ಪಿದರೂ ಹಳದಿ ಒಂದು ತುದಿಯಲ್ಲಿ, ಉಳಿದೆರಡು ಇನ್ನೊಂದು ತುದಿಯಲ್ಲಿ ಉಳಿಯುವಂಥ ದಾರಿ ಆರಿಸುತ್ತಾನೆ.

ಅಂಕಪಟ್ಟಿ ಓದುವುದು ಕ್ರಿಕೆಟ್ ಬಲ್ಲವರಿಗೆ ಕಷ್ಟವಲ್ಲ. ಒಂದು ಸರದಿಗೆ ಇನ್ನಿಂಗ್ಸ್ ಎಂದೇ ಹೆಸರು. ಒಟ್ಟು ಪಾಯಿಂಟನ್ನು ಇನ್ನಿಂಗ್ಸ್‌ನಿಂದ ಭಾಗಿಸಿದರೆ ಸರಾಸರಿ. 20 ಇನ್ನಿಂಗ್ಸ್‌ನಲ್ಲಿ 40 ಪಾಯಿಂಟ್ ಬಂದರೆ 2.000, ಮೂರು ದಶಾಂಶದವರೆಗೆ ಬರೆಯುತ್ತಾರೆ. ಜಗತ್ತಿನ ಮುಂಚೂಣಿಯವರು 1.5ರ ಮೇಲಿರುತ್ತಾರೆ, ಇಡೀ ಟೂರ್ನಿಯಲ್ಲಿ 2 ದಾಟಿದರೆ ಅದು ಅಪ್ಪಟ ಚಿನ್ನ. ಹಲವು ಟೂರ್ನಿಗಳಲ್ಲಿ ಇನ್ನೊಂದು ಚೆಂದದ ನಿಯಮ ಇದೆ. ಮೊದಲು ಆಟ ಶುರು ಮಾಡಿದವನು ಗುರಿ ಮುಟ್ಟಿದರೂ ಪಂದ್ಯ ಮುಗಿಯುವುದಿಲ್ಲ. ಇನ್ನೊಬ್ಬನಿಗೆ ಒಂದು ಇನ್ನಿಂಗ್ಸ್ ಬಾಕಿ ಇರುತ್ತದಲ್ಲ, ಚೆಂಡುಗಳನ್ನು ಆರಂಭದ ಜಾಗದಲ್ಲಿ ಜೋಡಿಸಿ ಅವನಿಗೂ ಅವಕಾಶ ಕೊಡುತ್ತಾರೆ. ಎಂಟು ಹತ್ತು ಪಾಯಿಂಟ್ ಹಿಂದಿದ್ದವನು ಒಂದೇ ಸಮನೆ ಹೊಡೆಯುತ್ತ ಹತ್ತಿರ ಬರುವಾಗ, ಗೆದ್ದೆ ಅಂದುಕೊಂಡವನು ಕುರ್ಚಿಯಲ್ಲಿ ಕೂತು ನೋಡುತ್ತಿರಬೇಕು, ಬೇರೇನೂ ಮಾಡುವಂತಿಲ್ಲ.

ಯಾರ ಆಟ ನೋಡಬೇಕು? ಈ ಆಟ ಬೆಳೆದದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ, ಮೊದಲ ಟೂರ್ನಿ ಅಲ್ಲೇ 1878ರ ಜನವರಿಯಲ್ಲಿ. ಆಮೇಲೆ ಯುರೋಪ್ ಇದನ್ನು ತನ್ನದು ಮಾಡಿಕೊಂಡಿತು. ಬೆಲ್ಜಿಯಂನ ರೇಮಂಡ್ ಕುಲೆಮಾನ್ಸ್ 1963ರಿಂದ 1973ರವರೆಗೆ ಸತತ 11 ವರ್ಷ ವಿಶ್ವ ಚಾಂಪಿಯನ್. 1974ರಲ್ಲಿ ಜಪಾನಿನ ನೊಬುವಾಕಿ ಕೊಬಯಾಶಿ ಆ ಸರಪಳಿ ಕಡಿದರು. ಕುಲೆಮಾನ್ಸ್ ಮತ್ತೆ ಮತ್ತೆ ಗೆದ್ದು, ಕೊನೆಯದನ್ನು 2001ರಲ್ಲಿ, ಅರವತ್ತು ದಾಟಿದ ಮೇಲೆ ಗೆದ್ದರು. ಒಟ್ಟು 21. ಅವರ ನಂತರದ ನಾಲ್ವರು ದೊಡ್ಡ ಆಟಗಾರರು ಸ್ವೀಡನ್ನಿನ ಟಾರ್ಬ್ಯಾರ್ನ್ ಬ್ಲೂಮ್ಡಾಲ್, ನೆದರ್ಲೆಂಡ್ಸ್‌ನ ಡಿಕ್ ಯಾಸ್ಪರ್ಸ್, ಬೆಲ್ಜಿಯಂನ ಫ್ರೆಡೆರಿಕ್ ಕೊಡ್ರೋನ್, ಸ್ಪೇನಿನ ಡೇನಿಯಲ್ ಸ್ಯಾಂಚೆಜ್. ಮೊದಲ ಚೆಂಡಿನ ಹತೋಟಿ ಕಲಿಯಬೇಕೆಂದರೆ ಯಾಸ್ಪರ್ಸ್ ಆಟ ನೋಡಿ, ಗಡಿಬಿಡಿ ಎಂಬುದೇ ಇಲ್ಲ. ಕೊಡ್ರೋನ್ ಕೈಯಲ್ಲಿ ಅದೇ ಆಟ ನೀರು ಹರಿದಂತೆ. ಕಲ್ಪನೆಯ ಹೊಡೆತ ಬೇಕೆಂದರೆ 2003ರ ಚಾಂಪಿಯನ್, ಟರ್ಕಿಯ ಸೆಮಿಹ್ ಸೈಗಿನರ್. ವಿಜಯಪುರ, ಬಾಗಲಕೋಟೆಯ ಸೈಕಲ್ ಮಂದಿಗೆ ಒಂದು ಮಾತು: ಬೆಲ್ಜಿಯಂನ ಹೆಸರಾಂತ ಸೈಕಲ್ ಓಟಗಾರ ಎಡ್ಡಿ ಮರ್ಕ್ಸ್‌ನ ಹೆಸರು ಈ ಆಟದ ಅಂಕಪಟ್ಟಿಯಲ್ಲಿ ಕಂಡರೆ ಕಣ್ಣುಜ್ಜಿಕೊಳ್ಳಬೇಡಿ. ಅವರೂ ಬೆಲ್ಜಿಯಂನವರೇ, ಆದರೆ ಬೇರೆಯವರು. 2006 ಮತ್ತು 2012ರ ತ್ರೀ ಕುಶನ್ ವಿಶ್ವ ಚಾಂಪಿಯನ್.

ಈಗ ಗಾಳಿ ಏಷ್ಯಾದ ಕಡೆ ಬೀಸುತ್ತಿದೆ. 2023ರಲ್ಲಿ ಅಂಕಾರಾದಲ್ಲಿ ಬಾವ್ ಫುವಾಂಗ್ ವಿನ್ ಗೆದ್ದು ವಿಯೆಟ್ನಾಂಗೆ ಮೊದಲ ವಿಶ್ವ ಪಟ್ಟ ತಂದರು. ಮರುವರ್ಷ ವಿಯೆಟ್ನಾಂನಲ್ಲೇ ನಡೆದಾಗ ಕೊರಿಯಾದ ಚೋ ಮ್ಯುಂಗ್ ವೂ ಗೆದ್ದರು. ಕೊರಿಯಾದಲ್ಲಿ 2019ರಲ್ಲಿ ಪಿಬಿಎ ಎಂಬ ವೃತ್ತಿಪರ ಸರಣಿ ಶುರುವಾಯಿತು. ಅಲ್ಲಿ ಒಂದೇ ಉದ್ದ ಆಟದ ಬದಲು 15 ಪಾಯಿಂಟಿನ ಸೆಟ್‌ಗಳು, ಚೆಂಡು ಮುಟ್ಟುವ ಮೊದಲೇ ಕುಶನ್ ಬಡಿಸಿ ಹೊಡೆಯುವ ಬ್ಯಾಂಕ್ ಶಾಟಿಗೆ ಎರಡು ಪಾಯಿಂಟ್. ಹೊಸಬರು ಇಲ್ಲಿಂದ ಶುರು ಮಾಡುವುದು ಒಳ್ಳೆಯದು, ಬೇಗ ಬೇಗ ಏರಿಳಿತ ಕಾಣುತ್ತದೆ. ಕೊರಿಯಾದ ಗಡಿಯಾರ ನಮಗಿಂತ ಮೂರೂವರೆ ತಾಸು ಮುಂದೆ, ಹೀಗಾಗಿ ಅಲ್ಲಿಯ ಸಂಜೆಯಾಟ ನಮಗೆ ಮಧ್ಯಾಹ್ನಕ್ಕೇ ಸಿಗುತ್ತದೆ. ಹೆಂಗಸರ ಸರಣಿಯಲ್ಲಿ ಸ್ರೊಂಗ್ ಪಿಯಾವಿ ಎಂಬ ಆಟಗಾರ್ತಿ ಇದ್ದಾರೆ. ಕಾಂಬೋಡಿಯಾದಿಂದ 2010ರಲ್ಲಿ ಮದುವೆಯಾಗಿ ಕೊರಿಯಾಕ್ಕೆ ಬಂದ ಹೆಣ್ಣುಮಗಳು. ಗಂಡ ಬಿಲಿಯರ್ಡ್ಸ್ ಹಾಲ್‌ಗೆ ಕರೆದುಕೊಂಡು ಹೋಗುವವರೆಗೆ ಕ್ಯೂ ಹಿಡಿದವರೇ ಅಲ್ಲ. ನಮ್ಮ ಮನೆಯಲ್ಲಿ ಈ ಆಟ ನೋಡಲು ಬೇರೆ ಯಾರೂ ಕೂರುವುದಿಲ್ಲ, ಆದರೆ ಆಕೆಯ ಪಂದ್ಯ ಇದ್ದರೆ ಅವ್ವ ಬಂದು ಕೂರುತ್ತಾಳೆ.

ನಮ್ಮ ದೇಶದಲ್ಲಿ ತೂತಿಲ್ಲದ ಟೇಬಲ್ ಅಪರೂಪ. ಬ್ರಿಟಿಷರು ಬಿಟ್ಟುಹೋದದ್ದು ಆರು ಪಾಕೆಟ್ಟಿನ ದೊಡ್ಡ ಟೇಬಲ್. ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತದಲ್ಲಿ ವಿಶ್ವ ಚಾಂಪಿಯನ್ ಆದದ್ದು, ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಸಾಲು ಸಾಲು ಪಟ್ಟ ಗೆದ್ದದ್ದು ಆ ಟೇಬಲ್ ಮೇಲೆ. ಆದರೆ ಅಡ್ವಾಣಿ ಆಡುವ ಬಿಲಿಯರ್ಡ್ಸ್‌ನಲ್ಲೂ ಮೂರೇ ಚೆಂಡು. ತನ್ನ ಚೆಂಡಿನಿಂದ ಎರಡನ್ನೂ ಮುಟ್ಟಿಸಿದರೆ ‘ಕ್ಯಾನನ್’. ಕ್ಯಾರಮ್ ಎಂಬುದೇ ಇಂಗ್ಲಿಷರ ಬಾಯಲ್ಲಿ ಸವೆದು ಕ್ಯಾನನ್ ಆಯಿತು. ಅಡ್ವಾಣಿ ಆಟ ನೋಡಿದವರು ಅದರಿಂದ ಪಾಕೆಟ್ ಮುಚ್ಚಿ, ಮೂರು ಕುಶನ್ ಸೇರಿಸಿಕೊಂಡರೆ ಇಲ್ಲಿಗೆ ಬಂದು ಮುಟ್ಟುತ್ತಾರೆ.

ಕಾಕಾಗೆ ಇಷ್ಟನ್ನೂ ನಾಲ್ಕು ದಿನದ ಊಟದ ಹೊತ್ತಿನಲ್ಲಿ ಹೇಳಿದೆ. ಐದನೆಯ ದಿನ ನಾನು ಕೈ ತೊಳೆದು ಬರುವಷ್ಟರಲ್ಲಿ ವರ್ಕ್‌ಶಾಪಿನ ಕೇರಂ ಬೋರ್ಡ್ ಕೆಳಗಿಳಿದಿತ್ತು. ಕಾಕಾ ಸ್ಟೀಲ್ ಪಟ್ಟಿ ಇಟ್ಟು ಚೌಕಟ್ಟಿನ ಮೇಲೆ ಪೆನ್ಸಿಲ್‌ನಿಂದ ಚುಕ್ಕೆ ಹಾಕುತ್ತಿದ್ದರು. ಮೂಲೆಯಿಂದ ಸ್ಟ್ರೈಕರ್ ಹೊಡೆದು, ಮೂರನೆಯ ಚೌಕಟ್ಟಿಗೆ ಎಲ್ಲಿ ಬಡಿಯಿತು ಎಂದು ಬಗ್ಗಿ ನೋಡಿ, "ಐದರಾಗ ಮೂರ ಕಳದ್ರ ಎರಡ ಬರವಲ್ದಲ್ಲೋ ತಮ್ಮಾ" ಅಂದರು. ಬೋರ್ಡ್ ಚೌಕ ಅದ ಕಾಕಾ, ಅದೂ ಅಲ್ದ ಸ್ಟ್ರೈಕರಿಗೆ ಆ ಥರ ಸುತ್ತು ಹತ್ತಂಗಿಲ್ಲ ಅಂದೆ. ಹೂಂ ಅಂದವರು ಜಾಬ್ ಕಾರ್ಡ್ ತಿರುವಿ ಹಿಂದುಗಡೆ ಎರಡು ಗೆರೆ ಎಳೆದರು. ಹೊಡೆದ ಚುಕ್ಕೆ ಒಂದು ಕಡೆ, ಬಂದು ಬಡಿದ ಚುಕ್ಕೆ ಇನ್ನೊಂದು ಕಡೆ. ಸೈರನ್ ಆಗುವವರೆಗೆ ಹನ್ನೊಂದು ಸಾಲು ತುಂಬಿದ್ದವು.